ಹದಿನೈದು ವರ್ಷ ದಾಟಿದ ಕಾರು: ಪಾಸಿಂಗ್‌ಗೆ ಒಯ್ಯುವ ಮುನ್ನ

ಹಳೆ ಕಾರು ಆರ್‌ಟಿಓ ಅಂಗಳದಿಂದ ಪಾಸಾಗದೆ ತಿರುಗಿ ಬಂತೆಂದರೆ ಎಂಜಿನ್ ಕೆಟ್ಟಿರಬೇಕು ಎಂದು ಹಲವರು ಊಹಿಸುತ್ತಾರೆ. ಎಂಜಿನ್ ಕೆಟ್ಟ ಗಾಡಿಯನ್ನು ಅಲ್ಲಿಯವರೆಗೆ ಯಾರೂ ಒಯ್ಯುವುದೇ ಇಲ್ಲ. ತಿರುಗಿ ಕಳಿಸುವುದು ಉರಿಯದ ನಂಬರ್ ಪ್ಲೇಟ್ ಲೈಟು, ಒಂದು ಕಡೆಗೆ ಎಳೆಯುವ ಬ್ರೇಕು, ಜಂಗಿನಲ್ಲಿ ಮುಚ್ಚಿಹೋದ ಚಾಸಿ ನಂಬರು, ಸಾಲ ತೀರಿ ಎಷ್ಟೋ ವರ್ಷವಾದರೂ ಆರ್‌ಸಿಯಲ್ಲಿ ಕೂತೇ ಇರುವ ಬ್ಯಾಂಕಿನ ಹೆಸರು. ಇವುಗಳಲ್ಲಿ ಬಹುಪಾಲು ಕಡಿಮೆ ಖರ್ಚಿನ ಕೆಲಸ, ಆದರೆ ಸಮಯ ಬೇಡುತ್ತವೆ. ಹಾಗಾಗಿ ಈ ಬರಹದಲ್ಲಿ ಕೆಲಸಗಳನ್ನು ಖರ್ಚಿನ ಲೆಕ್ಕದಲ್ಲಿ ಅಲ್ಲ, ಹಿಡಿಯುವ ದಿನಗಳ ಲೆಕ್ಕದಲ್ಲಿ ಜೋಡಿಸಿದೆ: ಮೊದಲು ಕಾಗದ, ಆಮೇಲೆ ಗಾಡಿಯ ಹೊಟ್ಟೆ, ಕೊನೆಗೆ ಬಲ್ಬು.

ಯಾವ ಗಾಡಿಗೆ ಯಾವಾಗ

ಬಿಳಿ ಬೋರ್ಡಿನ ಸ್ವಂತ ಕಾರಿಗೆ ನಮ್ಮಲ್ಲಿ ಪ್ರತಿ ವರ್ಷ ಪಾಸಿಂಗ್ ಇಲ್ಲ. ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ ನವೀಕರಿಸಿದರೆ 5 ವರ್ಷ, ಮತ್ತೆ ತಪಾಸಣೆ, ಮತ್ತೆ 5 ವರ್ಷ. ಹಳದಿ ಬೋರ್ಡಿನ ಟ್ಯಾಕ್ಸಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು. ಎಮಿಷನ್ ಸರ್ಟಿಫಿಕೇಟು ಇವೆರಡಕ್ಕಿಂತ ಬೇರೆ: ಹೊಗೆಯ ಮಟ್ಟ ಹೇಳುವ ಭಾರತ್ ಸ್ಟೇಜ್ ಲೆಕ್ಕದಲ್ಲಿ ಬಿಎಸ್-3 ಮತ್ತು ಅದಕ್ಕೂ ಹಳೆಯ ಗಾಡಿಗೆ ಆರು ತಿಂಗಳು, ಬಿಎಸ್-4 ಮತ್ತು ಅದರ ನಂತರದ್ದಕ್ಕೆ ಒಂದು ವರ್ಷ.

ಸ್ವಂತ ಕಾರಿನ ನವೀಕರಣದ ಅರ್ಜಿ ಫಾರ್ಮ್ 25. ಅವಧಿ ಮುಗಿಯುವುದಕ್ಕೆ 60 ದಿನ ಮೊದಲಿನಿಂದ ಹಾಕಬಹುದು. 2011ರ ಆಗಸ್ಟ್ 12ರಂದು ನೋಂದಣಿಯಾದ ಕಾರು 2026ರ ಆಗಸ್ಟ್ 11ಕ್ಕೆ ಮುಗಿಯುತ್ತದೆ. ಜೂನ್ ಎರಡನೇ ವಾರದಲ್ಲೇ ಅರ್ಜಿ ಹಾಕಿದರೆ, ಒಮ್ಮೆ ತಿರುಗಿ ಬಂದರೂ ಸರಿಪಡಿಸಲು ದಿನಗಳಿರುತ್ತವೆ. ತಡವಾದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ಇದರ ಮೇಲೆ ರಾಜ್ಯದ ಗ್ರೀನ್ ಟ್ಯಾಕ್ಸ್ ಬೇರೆ. ಅವಧಿ ಮುಗಿದ ಗಾಡಿ ರಸ್ತೆಗಿಳಿದು ಅಪಘಾತವಾದರೆ, ವಿಮೆ ಇದ್ದರೂ ಕಂಪನಿ ಕ್ಲೇಮಿಗೆ ತಕರಾರು ತೆಗೆಯಬಹುದು. 500 ರೂಪಾಯಿಗಿಂತ ಹೆದರಬೇಕಾದ್ದು ಅದಕ್ಕೆ.

ದಿಲ್ಲಿಯಲ್ಲಿ 10 ವರ್ಷದ ಡೀಸೆಲ್ ಗಾಡಿ ನಡೆಯುವುದಿಲ್ಲ ಎಂಬ ಸುದ್ದಿ ಓದಿ ಇಲ್ಲಿನ ಬೊಲೆರೊ ಮಾರುವವರಿದ್ದಾರೆ. ಆ ನಿರ್ಬಂಧ ದಿಲ್ಲಿ ಸುತ್ತಲಿನ ರಾಜಧಾನಿ ವಲಯದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಡೀಸೆಲ್ ಗಾಡಿಯೂ ಪಾಸಾದರೆ ಮುಂದೆ ಓಡುತ್ತದೆ.

ಎರಡು ತಿಂಗಳು ಮೊದಲು: ಕಾಗದ

ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ಆರ್‌ಸಿ ವಿವರ ತೆಗೆಯಿರಿ. ಕೈಯಲ್ಲಿರುವ ಕಾರ್ಡಿನೊಂದಿಗೆ ಸಾಲು ಸಾಲಾಗಿ ಹೋಲಿಸಿ: ಮಾಲೀಕರ ಹೆಸರು, ವಿಳಾಸ, ಚಾಸಿ ನಂಬರು, ಎಂಜಿನ್ ನಂಬರು, ಇಂಧನ, ಬಣ್ಣ, ಸಾಲದ ಟಿಪ್ಪಣಿ, ಮೊಬೈಲ್ ನಂಬರು. ಒಟಿಪಿ ಆ ಮೊಬೈಲಿಗೇ ಹೋಗುತ್ತದೆ. ಹಳೆ ಮಾಲೀಕರ ನಂಬರೇ ಉಳಿದಿದ್ದರೆ ಮೊದಲು ಅದನ್ನು ಬದಲಿಸಬೇಕು.

ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ಹೆಸರು ಬದಲಾಗಿಲ್ಲ. ಫಾರ್ಮ್ 29 ಮತ್ತು 30ಕ್ಕೆ ಹಳೆ ಮಾಲೀಕರ ಸಹಿ ಹಾಕಿಸಿ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಿಸುವ ರೂಢಿ ನಮ್ಮ ಕಡೆ ಇದೆ. ಅಷ್ಟರೊಳಗೆ ಮಾಲೀಕರು ತೀರಿಕೊಂಡಿದ್ದರೆ ಆ ಸಹಿ ಕೆಲಸಕ್ಕೆ ಬರುವುದಿಲ್ಲ. ವಾರಸುದಾರರು ಫಾರ್ಮ್ 31ರಲ್ಲಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ನಿಮ್ಮ ಸರದಿ ಆಮೇಲೆ. ಎರಡು, ಹೈಪೋಥಿಕೇಶನ್, ಅಂದರೆ ಆರ್‌ಸಿಯಲ್ಲಿರುವ ಸಾಲದ ಟಿಪ್ಪಣಿ. ಸಾಲ ಕೊಟ್ಟ ಸಂಸ್ಥೆಯಿಂದ ಎನ್‌ಒಸಿ ಮತ್ತು ಸಹಿ ಮಾಡಿದ ಫಾರ್ಮ್ 35 ತರಬೇಕು. ಹಳೆ ಫೈನಾನ್ಸ್ ಕಂಪನಿ ಮುಚ್ಚಿಹೋಗಿದ್ದರೆ ಅಥವಾ ಬೇರೊಂದರಲ್ಲಿ ವಿಲೀನವಾಗಿದ್ದರೆ ಇದೊಂದೇ ಕೆಲಸಕ್ಕೆ ತಿಂಗಳು ಹಿಡಿಯುತ್ತದೆ.

ಮೂರನೆಯದು ಗಡಿ ಜಿಲ್ಲೆಗಳ ತಲೆನೋವು: ಎಂಎಚ್ ಪಾಸಿಂಗ್, ಅಂದರೆ ಮಹಾರಾಷ್ಟ್ರದಲ್ಲಿ ನೋಂದಣಿಯಾದ ಗಾಡಿ. ಕೊಲ್ಹಾಪುರದ 09, ಸಾಂಗಲಿಯ 10, ಸೊಲ್ಲಾಪುರದ 13 ನಂಬರಿನ ಕಾರುಗಳು ಚಿಕ್ಕೋಡಿ, ಅಥಣಿ, ಇಂಡಿ ಸುತ್ತಮುತ್ತ ಸಾಕಷ್ಟಿವೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು. ಅದಕ್ಕೆ ಅಲ್ಲಿಯ ಆರ್‌ಟಿಓ ಕೊಡುವ ಫಾರ್ಮ್ 28ರ ಎನ್‌ಒಸಿ ಬೇಕು, ಜೊತೆಗೆ ಕರ್ನಾಟಕದ ತೆರಿಗೆ. ಆ ಗಾಡಿಯ ಮೇಲೆ ಅಲ್ಲಿ ದಂಡದ ಚಲನ್ ಬಾಕಿ ಇದ್ದರೆ ಎನ್‌ಒಸಿಯೇ ನಿಲ್ಲುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಎಂಎಚ್ ಗಾಡಿ ಕೊಳ್ಳುವವರು ಈ ತೆರಿಗೆ ಸೇರಿಸಿ ಲೆಕ್ಕ ಹಾಕಿದರೆ ಅಗ್ಗ ಎಷ್ಟರಮಟ್ಟಿಗೆ ಅಗ್ಗ ಎಂದು ತಿಳಿಯುತ್ತದೆ.

ಗ್ಯಾಸ್ ಕಿಟ್ ಇದ್ದರೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಎನ್‌ಜಿ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಆಗಿರಬೇಕು. ಹಳೆ ಓಮ್ನಿಗಳಲ್ಲಿ ಮನೆ ಬಳಕೆಯ ಸಿಲಿಂಡರಿನಿಂದ ಪೈಪ್ ಎಳೆದಿದ್ದರೆ ಅದು ಪಾಸಿಂಗ್‌ನ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಬಿಚ್ಚಿಸಿಬಿಡಿ.

ಒಂದೂವರೆ ತಿಂಗಳು ಮೊದಲು: ಗಾಡಿಯ ಹೊಟ್ಟೆ

ಪಾಸಾಗುವುದು, ಬಿಡುವುದು ನಿಜಕ್ಕೂ ತೀರ್ಮಾನವಾಗುವುದು ಇಲ್ಲಿ. ಮಿಕ್ಕ ಯಾವ ಭಾಗವನ್ನಾದರೂ ಕೊಂಡು ತಂದು ಹಾಕಬಹುದು. ಕೊಳೆತ ಪತ್ರಾವನ್ನು, ಅಂದರೆ ಬಾಡಿಯ ಕಬ್ಬಿಣದ ತಗಡನ್ನು, ಕತ್ತರಿಸಿ ಬೆಸೆಯಬೇಕು, ಅದಕ್ಕೂ ಒಂದು ಮಿತಿ ಇದೆ.

ಗಾಡಿಯನ್ನು ವಾಷಿಂಗ್ ಸೆಂಟರಿನ ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗಿನಿಂದ ನೀರು ಹೊಡೆಸಿ, ಒಣಗಿದ ಮೇಲೆ ಟಾರ್ಚ್ ಹಿಡಿದು ನೋಡಿ. ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಪತ್ರಾ ಠಣ್ ಎನ್ನುತ್ತದೆ, ಕೊಳೆತದ್ದು ದಪ್ಪ ಸದ್ದು ಕೊಡುತ್ತದೆ. ಅನುಮಾನ ಬಂದಲ್ಲಿ ತುದಿಯಿಂದ ಒತ್ತಿ. ಹಪ್ಪಳದಂತೆ ಮುರಿದರೆ ಅಲ್ಲಿ ಲೋಹ ಉಳಿದಿಲ್ಲ. ನೋಡಬೇಕಾದ ಜಾಗಗಳು: ಬಾಗಿಲ ಕೆಳಗಿನ ಪಟ್ಟಿ, ಜ್ಯಾಕ್ ಕೊಡುವ ಜಾಗ, ಡ್ರೈವರ್ ಕಾಲ ಕೆಳಗಿನ ಫ್ಲೋರು, ಬ್ಯಾಟರಿ ಟ್ರೇ, ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಚಕ್ರದ ಕಮಾನು, ಮುಂದಿನ ಶಾಕ್‌ಅಬ್ಸಾರ್ಬರ್ ಮೇಲ್ತುದಿ ಬಂದು ಸೇರುವ ಸ್ಟ್ರಟ್ ಟವರ್. ಕೊನೆಯ ಜಾಗದಲ್ಲಿ ಜಂಗು ತೂತು ಬಿದ್ದಿದ್ದರೆ ದುರಸ್ತಿಗೆ ಹಣ ಸುರಿಯುವ ಮೊದಲು ಎರಡು ಸಲ ಯೋಚಿಸಿ. ಗಾಡಿಯ ಮುಂಭಾಗದ ಭಾರವನ್ನು ಹೊರುವುದೇ ಅದು.

ಕಪ್ಪು ರಬ್ಬರ್ ಕೋಟಿಂಗ್ ಹೊಸದಾಗಿ ಹೊಳೆಯುತ್ತಿದ್ದರೆ ಸಂತೋಷಪಡಬೇಡಿ. ಮಾರುವ ಮುನ್ನ ಜಂಗು ಮುಚ್ಚಲು ಅದಕ್ಕಿಂತ ಸುಲಭದ ಉಪಾಯವಿಲ್ಲ. ಫೈಬರ್ ಮತ್ತು ಪುಟ್ಟಿ ತುಂಬಿದ್ದು ಅಯಸ್ಕಾಂತ ಹಚ್ಚಿದರೆ ತಿಳಿಯುತ್ತದೆ, ಅಂಟುವುದಿಲ್ಲ. ಸರಿಯಾದ ದುರಸ್ತಿ ಎಂದರೆ ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಪತ್ರಾ ಬೆಸೆದು, ಜಿಂಕ್ ಪ್ರೈಮರ್ ಹಚ್ಚಿ, ಆಮೇಲೆ ಕೋಟಿಂಗ್. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಸಿ. ಬಿಚ್ಚದೆ ವೆಲ್ಡ್ ಮಾಡಿದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಎಂ ಸುಟ್ಟು, ಪತ್ರಾ ಕೆಲಸಕ್ಕಿಂತ ಅದೇ ದೊಡ್ಡ ಖರ್ಚಾಗಬಹುದು.

ಊರು ನೋಡಿಯೂ ಅಂದಾಜಿಸಬಹುದು. ಖಾನಾಪುರದ ಕಡೆ ವರ್ಷಾನುವರ್ಷ ಮಳೆಯಲ್ಲಿ ನಿಂತ ಗಾಡಿಯಲ್ಲಿ ಮೊದಲು ಪತ್ರಾ ನೋಡಬೇಕು. ವಿಜಯಪುರದ ಬಿಸಿಲಲ್ಲಿ ನಿಂತದ್ದರ ಪತ್ರಾ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ರಬ್ಬರ್ ಮಾತ್ರ ಬಿರುಕು ಬಿಟ್ಟಿರುತ್ತದೆ: ಬುಷ್, ಹೋಸ್, ಬಾಗಿಲ ಬೀಡಿಂಗ್, ಟೈರಿನ ಬದಿ. ಎರಡರಲ್ಲಿ ಒಂದನ್ನು ಆರಿಸುವುದಾದರೆ ಎರಡನೆಯದನ್ನೇ ಆರಿಸಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಅಲ್ಲಿದ್ದ ಗಾಡಿಗಳದ್ದು ಬೇರೆಯೇ ಲೆಕ್ಕ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳಗಿನ ಸುತ್ತುಗಳಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಫ್ಯೂಸ್ ಬಾಕ್ಸಿನ ತಾಮ್ರ ಹಸಿರುಗಟ್ಟಿದ್ದರೆ ಲೈಟು, ವೈಪರ್, ಹಾರ್ನ್ ಒಂದಾದ ಮೇಲೊಂದು ಕೈಕೊಡುತ್ತವೆ, ಅದೂ ತಪಾಸಣೆಯ ದಿನವೇ.

ಚಾಸಿ ನಂಬರು

ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು ಬಾನೆಟ್ ಒಳಗೆ, ಎಂಜಿನ್ ಹಿಂದಿನ ಗೋಡೆಯ ಮೇಲೆ ಇರುತ್ತದೆ. ಕೆಲವದರಲ್ಲಿ ಮುಂದಿನ ಸೀಟಿನ ಹತ್ತಿರ, ಕಾರ್ಪೆಟ್ ಕೆಳಗೆ. 17 ಅಕ್ಷರಗಳೂ ಸ್ಪಷ್ಟವಾಗಿ ಓದಬರಬೇಕು, ಆರ್‌ಸಿಗೆ ತಾಳೆಯಾಗಬೇಕು, ಅದರ ಪೆನ್ಸಿಲ್ ಪ್ರಿಂಟ್ ಅರ್ಜಿಗೆ ಅಂಟಿಸಬೇಕು.

ಜಂಗು ಹಿಡಿದಿದ್ದರೆ ಮೆಕ್ಯಾನಿಕ್ಕಿನ ಕೈ ಮೊದಲು ಹೋಗುವುದು ವೈರ್ ಬ್ರಷ್ಷಿಗೋ ಗ್ರೈಂಡರಿಗೋ. ತಡೆಯಿರಿ. ಅಕ್ಷರಗಳ ಆಳವೇ ತೆಳು, ಗ್ರೈಂಡರ್ ಒಂದು ಸಲ ಆಡಿದರೆ 8 ಹೋಗಿ 3 ಆಗುತ್ತದೆ. ಸೀಮೆಎಣ್ಣೆ ಅಥವಾ ಜಂಗು ಬಿಡಿಸುವ ಸ್ಪ್ರೇ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ತಿಕ್ಕಿ, ಬಟ್ಟೆಯಿಂದ ಒರೆಸಿ. ಬೇಕಾದರೆ ಮತ್ತೊಂದು ರಾತ್ರಿ. ತೆಳು ಕಾಗದವಿಟ್ಟು ಪೆನ್ಸಿಲನ್ನು ಓರೆಯಾಗಿ ಹಿಡಿದು ಉಜ್ಜಿದರೆ ನಂಬರು ಬಿಳಿಯಾಗಿ ಮೂಡುತ್ತದೆ. ಮೂರು ನಾಲ್ಕು ಪ್ರಿಂಟ್ ತೆಗೆದಿಟ್ಟುಕೊಂಡು, ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿ. ನಂಬರು ನಿಜಕ್ಕೂ ಅಳಿಸಿಹೋಗಿದ್ದರೆ ತಾವೇ ಪಂಚ್ ಮಾಡಿಸಲು ಹೋಗಬೇಡಿ. ಅನುಮತಿ ಇಲ್ಲದೆ ಹೊಡೆದ ನಂಬರು ಕಳ್ಳ ಗಾಡಿಯ ಗುರುತು. ಆರ್‌ಟಿಓಗೆ ಅರ್ಜಿ ಕೊಟ್ಟು ಅವರು ಹೇಳಿದಂತೆ ಮಾಡಿಸಬೇಕು.

ಒಂದು ತಿಂಗಳು ಮೊದಲು: ಬ್ರೇಕು, ಸ್ಟೇರಿಂಗು, ಟೈರು

ಇನ್‌ಸ್ಪೆಕ್ಟರನ್ನು ಊರಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುವುದು ಸುಮ್ಮನೆ ಅಲ್ಲ. ಖಾಲಿ, ನೇರ ರಸ್ತೆಯಲ್ಲಿ 30–40 ಕಿ.ಮೀ. ವೇಗದಲ್ಲಿ ಸ್ಟೇರಿಂಗನ್ನು ಸಡಿಲವಾಗಿ ಹಿಡಿದು ಬ್ರೇಕ್ ಒತ್ತಿ. ಎಡಕ್ಕೆ ಎಳೆದರೆ ಬಲಗಡೆಯ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಎಂದು ಶಂಕಿಸಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಕಾದಿದ್ದರೆ ಅಲ್ಲಿ ಕ್ಯಾಲಿಪರ್ ಪಿನ್ ಜಾಮ್ ಆಗಿರುತ್ತದೆ, ಅಥವಾ ಡ್ರಮ್ಮಿನಲ್ಲಿ ಲೈನರ್ ಅಂಟಿಕೊಂಡಿರುತ್ತದೆ. ಪಿನ್ ಬಿಚ್ಚಿ, ಒರೆಸಿ, ಸಿಲಿಕಾನ್ ಗ್ರೀಸ್ ಹಚ್ಚಿದರೆ ಸಾಕು. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಊದಿ ಮತ್ತೆ ಜಾಮ್ ಆಗುತ್ತದೆ.

ಪ್ಯಾಡ್ 3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬದಲಿಸಿ, ಎಡ-ಬಲ ಎರಡೂ ಒಟ್ಟಿಗೆ. ಒಂದೇ ಕಡೆ ಹೊಸದು ಹಾಕಿಸುವುದು ಬ್ರೇಕ್ ಎಳೆಯುವಂತೆ ಮಾಡುವ ನೇರ ದಾರಿ. ಹಿಂದಿನ ಡ್ರಮ್ ಬಿಚ್ಚಿಸಿ ವ್ಹೀಲ್ ಸಿಲಿಂಡರಿನ ರಬ್ಬರ್ ಸರಿಸಿ ನೋಡಿ. ಒಳಗೆ ಒದ್ದೆ ಇದ್ದರೆ ಸೋರಿಕೆ, ಸಿಲಿಂಡರ್ ಬದಲಿಸಬೇಕು, ಆಯಿಲ್ ಕುಡಿದ ಲೈನರನ್ನೂ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷದಿಂದ ಬದಲಾಗದಿದ್ದರೆ ಪೂರ್ತಿ ತೆಗೆಸಿ, ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ತುಂಬಿಸಿ. ಸಣ್ಣ ಕಾರಿಗೆ ಒಂದು ಲೀಟರಿನೊಳಗೇ ಮುಗಿಯುತ್ತದೆ. ಎಂಜಿನ್ ಚಾಲೂ ಇರುವಾಗ ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗಿಳಿಯುತ್ತಿದೆಯೇ? ಹೊರಗೆ ಎಲ್ಲೂ ಸೋರಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್ ಹೋಗಿದೆ. ಹ್ಯಾಂಡ್‌ಬ್ರೇಕ್ ಐದಾರು ಕ್ಲಿಕ್ಕಿಗೆ ಹಿಡಿದು ಇಳಿಜಾರಿನಲ್ಲಿ ಗಾಡಿ ನಿಲ್ಲಿಸಬೇಕು. ಹತ್ತು ಕ್ಲಿಕ್ ಎಳೆದರೂ ಜಾರಿದರೆ ಮೊದಲು ಲೈನರ್ ಅಡ್ಜಸ್ಟ್ ಮಾಡಿಸಿ, ಕೇಬಲ್ ಬಿಗಿಸುವುದು ಆಮೇಲೆ. ರೋಲರ್ ಯಂತ್ರದ ಮೇಲೆ ತಪಾಸಣೆ ಆಗುವಲ್ಲಿ ಎಡ-ಬಲದ ವ್ಯತ್ಯಾಸ ಅಂಕಿಯಲ್ಲೇ ಬರುತ್ತದೆ, ಕೈಕಾಲಿನ ಜಾಣ್ಮೆ ನಡೆಯುವುದಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಓಡಾಡುವ ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ಮುಂಭಾಗದ ಜಾಯಿಂಟುಗಳು ಬೇಗ ಸಡಿಲಾಗುತ್ತವೆ. ಮುಂಚಕ್ರ ಜ್ಯಾಕ್ ಮೇಲೆತ್ತಿ ಚಕ್ರವನ್ನು ಎಡಬಲ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೇರಿಂಗ್ ರ‍್ಯಾಕ್. ಮೇಲೆ ಕೆಳಗೆ ಹಿಡಿದಾಗ ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್. ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದಿದ್ದರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಟೈರಿನ ತೋಡಿನೊಳಗೆ ಸಣ್ಣ ಉಬ್ಬುಗಳಿರುತ್ತವೆ, ಎತ್ತರ 1.6 ಮಿಲಿಮೀಟರ್. ಟೈರು ಸವೆದು ಆ ಉಬ್ಬಿಗೆ ಸಮವಾಯಿತೆಂದರೆ ಅದರ ಕಾಲ ಮುಗಿಯಿತು. ಬದಿಯ ನಾಲ್ಕು ಅಂಕಿ ಓದಲು ಕಲಿಯಿರಿ: 2318 ಎಂದರೆ 2018ರ 23ನೇ ವಾರದ ಟೈರು. ತೋಡು ಆಳವಾಗಿದ್ದರೂ ಬದಿಯಲ್ಲಿ ಬಿರುಕು ಬಿಟ್ಟಿದ್ದರೆ ಬೇಡ. ಪಾಸಿಂಗ್‌ಗೆಂದು ಪರಿಚಯದವರ ಟೈರು ಕಳಚಿ ಹಾಕಿಕೊಂಡು ಹೋಗಿ ಸಂಜೆ ವಾಪಸ್ ಕೊಡುವವರಿದ್ದಾರೆ. ಆ ರಾತ್ರಿ ಹೆದ್ದಾರಿಯಲ್ಲಿ ಓಡುವುದು ಹಳೆ ಟೈರಿನ ಮೇಲೆಯೇ.

ಎಮಿಷನ್

ಬಿಎಸ್-4 ಕಡ್ಡಾಯವಾಗುವವರೆಗೆ ನಮ್ಮ ಜಿಲ್ಲೆಗಳಲ್ಲಿ ಬಿಎಸ್-3 ಕಾರುಗಳೇ ನೋಂದಣಿಯಾಗುತ್ತಿದ್ದುದು ಹೆಚ್ಚು. ಬಿಎಸ್-2, ಬಿಎಸ್-3 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಎಂಜಿನ್ ಓಡುವಾಗ) ಕಾರ್ಬನ್ ಮೊನಾಕ್ಸೈಡ್ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಬಿಎಸ್-4ಕ್ಕೆ 0.3 ಮತ್ತು 200. ಡೀಸೆಲ್‌ಗೆ ಹೊಗೆಯ ದಟ್ಟಣೆ ಬಿಎಸ್-4ಕ್ಕಿಂತ ಹಳೆಯದಕ್ಕೆ 65, ಬಿಎಸ್-4ಕ್ಕೆ 50 ಹಾರ್ಟ್ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ).

ರಸೀದಿಯ ಅಂಕಿ ಓದಿದರೆ ದೋಷ ಎಲ್ಲಿದೆ ಎಂಬುದು ಅರ್ಧ ಗೊತ್ತಾಗುತ್ತದೆ. ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್, ಸೋರುವ ಇಂಜೆಕ್ಟರ್ ನೋಡಿ. ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಪೆಟ್ರೋಲ್ ಉರಿಯದೆ ಹೊರಬರುತ್ತಿದೆ: ಪ್ಲಗ್, ಕಾಯಿಲ್, ಪ್ಲಗ್ ವೈರ್, ಕೊನೆಗೆ ವಾಲ್ವ್. ಎರಡೂ ಸ್ವಲ್ಪ ಸ್ವಲ್ಪ ಮಿತಿ ಮೀರಿದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸತ್ತಿರಬಹುದು, ಅಥವಾ ಬರೀ ತಣ್ಣಗಿರಬಹುದು. ಅದು ಚೆನ್ನಾಗಿ ಕಾದರೆ ಮಾತ್ರ ಕೆಲಸ ಮಾಡುತ್ತದೆ. ಮನೆಯಿಂದ ಎರಡು ಕಿಲೋಮೀಟರ್ ಹೋಗಿ ಸರದಿಯಲ್ಲಿ ಎಂಜಿನ್ ಆರಿಸಿ ನಿಂತು ಪೈಪಿಗೆ ನಳಿಕೆ ಹಾಕಿಸಿದರೆ ಒಳ್ಳೆ ಗಾಡಿಯೂ ಫೇಲ್ ಆಗುತ್ತದೆ. ಇಪ್ಪತ್ತು ನಿಮಿಷ ಓಡಿಸಿ ನೇರ ಕೇಂದ್ರಕ್ಕೆ ಹೋಗಿ. ಸೈಲೆನ್ಸರಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಸೇರಿ ಅಂಕಿ ತಪ್ಪಾಗುತ್ತದೆ, ಸದ್ದಿಗೂ ಆಕ್ಷೇಪ ಬರುತ್ತದೆ.

ಡೀಸೆಲ್‌ನಲ್ಲಿ ಊರೊಳಗೆ ಮಾತ್ರ ಓಡಿದ ಗಾಡಿಯ ಪೈಪಿನಲ್ಲಿ ಮಸಿ ಕೂತಿರುತ್ತದೆ. ಏರ್ ಫಿಲ್ಟರ್ ಬದಲಿಸಿ, ಟರ್ಬೋ ಹೋಸ್ ಬಿರುಕು ಬಿಟ್ಟಿಲ್ಲವೆಂದು ನೋಡಿ, ಹೆದ್ದಾರಿಯಲ್ಲಿ ಅರ್ಧ ತಾಸು ಒಂದು ಗೇರ್ ಕಡಿಮೆಯಲ್ಲಿ ಓಡಿಸಿ ಆಮೇಲೆ ಟೆಸ್ಟ್‌ಗೆ ಹೋಗಿ. ಆಗಲೂ ಕಪ್ಪು ಹೊಗೆ ನಿಲ್ಲದಿದ್ದರೆ ಇಂಜೆಕ್ಟರ್ ಅಥವಾ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಅದಕ್ಕೆ ಯಾವ ಬಾಟಲಿ ಔಷಧಿಯೂ ಇಲ್ಲ.

ಕೊನೆಯ ವಾರ

ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಎಲ್ಲ ಲೈಟು ನೋಡಿ. ಇಂಡಿಕೇಟರ್ ಬೇಗ ಬೇಗ ಮಿಟುಕಿದರೆ ಆ ಬದಿಯ ಒಂದು ಬಲ್ಬು ಹೋಗಿದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂದವಾಗಿ ಹೊಳೆದರೆ ಅರ್ಥ್ ವೈರ್ ಸಡಿಲ. ಹೊರಗಿನಿಂದ ತಂದು ಹಾಕಿದ ಕಣ್ಣು ಕುಕ್ಕುವ ಎಲ್‌ಇಡಿ ಬಲ್ಬು ತೆಗೆದು ಕಂಪನಿಯ ಬಲ್ಬೇ ಹಾಕಿ. ಹಳದಿಗಟ್ಟಿದ ಹೆಡ್‌ಲೈಟ್ ಗ್ಲಾಸನ್ನು 1000, ಆಮೇಲೆ 2000 ನಂಬರಿನ ನೀರಿನ ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಪಾಲಿಶ್ ಮಾಡಿದರೆ ಬೆಳಕು ಮರಳುತ್ತದೆ, ಮೇಲೆ ಕ್ಲಿಯರ್ ಕೋಟ್ ಹೊಡೆಸದಿದ್ದರೆ ಬಿಸಿಲಿಗೆ ಮತ್ತೆ ಹಳದಿ.

ಗಾಜಿನ ಫಿಲ್ಮು ತೆಗೆಯಿರಿ. ಮುಂದೆ ಹಿಂದೆ ಕನಿಷ್ಠ 70, ಬದಿಗೆ 50 ಶೇಕಡಾ ಬೆಳಕು ಹಾಯಬೇಕೆಂಬುದು ನಿಯಮ. ಹಿಂದಿನ ಗಾಜಿನ ತುಂಬ ಅಂಟಿಸಿದ ಸಂಗೊಳ್ಳಿ ರಾಯಣ್ಣನ ಚಿತ್ರಕ್ಕೂ ಇದೇ ಲೆಕ್ಕ, ಮೂಲೆಗೆ ಸಣ್ಣದು ಹಾಕಿಸಿಕೊಳ್ಳಿ. ಮುಂದಿನ ಕಬ್ಬಿಣದ ಗಾರ್ಡು, ಹಲವು ಸ್ವರದ ಹಾರ್ನು ಎರಡೂ ಬಿಚ್ಚಬೇಕು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟಿನ ಜೊತೆ ಗಾಜಿಗೆ ಅಂಟಿಸುವ ಸ್ಟಿಕ್ಕರೂ ಇರಲಿ, ಪೆಟ್ರೋಲಿಗೆ ತಿಳಿನೀಲಿ, ಡೀಸೆಲ್ಲಿಗೆ ಕಿತ್ತಳೆ. ವೈಪರ್, ವಾಷರ್ ನೀರು, ಸೀಟ್ ಬೆಲ್ಟ್, ಎಲ್ಲ ಕನ್ನಡಿ ನೋಡಿ. ಹಳೆ ಗಾಡಿಗೆ ಏರ್‌ಬ್ಯಾಗ್ ಹಾಕಿಸಬೇಕು ಎನ್ನುವ ಮಾತಿಗೆ ಕಿವಿಗೊಡಬೇಡಿ, ಗಾಡಿ ತಯಾರಾದ ಕಾಲಕ್ಕೆ ಕಡ್ಡಾಯವಿದ್ದದ್ದನ್ನು ಮಾತ್ರ ಕೇಳುತ್ತಾರೆ. ಹಳದಿ ಬೋರ್ಡಿನವರು ಲೊಕೇಶನ್ ಟ್ರ್ಯಾಕರ್, ಪ್ಯಾನಿಕ್ ಬಟನ್ ಚಾಲೂ ಇದೆಯೇ ನೋಡಿಕೊಳ್ಳಿ.

ಹೋಗುವ ದಿನ ಎರಡು ಬಲ್ಬು, ನಾಲ್ಕು ಫ್ಯೂಸು, ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ. ಆರ್‌ಸಿ, ವಿಮೆ, ಎಮಿಷನ್, ಗುರುತಿನ ಚೀಟಿ, ಶುಲ್ಕದ ರಸೀದಿ, ಚಾಸಿ ಪ್ರಿಂಟ್ ಒಂದೇ ಕಡತದಲ್ಲಿಡಿ. ತಿರುಗಿ ಕಳಿಸಿದರೆ ಕಾರಣವನ್ನು ಬರೆದು ಕೊಡುವಂತೆ ಕೇಳಿ. ಬಾಯಿ ಮಾತಿನ ಕಾರಣ ಗ್ಯಾರೇಜ್ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಯಾವ ಹಳೆ ಗಾಡಿಯನ್ನು ನಂಬಬಹುದು

ಬಿಡಿಭಾಗ ಸಿಗುವ ಗಾಡಿಯನ್ನು. ಆಲ್ಟೊ, ವ್ಯಾಗನ್‌ಆರ್, ಹಳೆ ಸ್ಯಾಂಟ್ರೊದ ಸಾಮಾನು ತಾಲ್ಲೂಕು ಊರಲ್ಲೂ ಸಿಗುತ್ತದೆ. ಬೊಲೆರೊ, ಸುಮೊ, ಕ್ವಾಲಿಸ್‌ಗಳಿಗೆ ಪ್ರತ್ಯೇಕ ಚಾಸಿ ಇರುವುದರಿಂದ ಫ್ಲೋರ್ ಕೊಳೆತರೂ ದುರಸ್ತಿ ಸಾಧ್ಯ, ಅವು ತೊಂದರೆ ಕೊಡುವುದು ಹೊಗೆಯಲ್ಲಿ. 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿದ ಶೆವರ್ಲೆಯಂಥವುಗಳಲ್ಲಿ ಗಾಡಿ ಎಷ್ಟು ಚೆನ್ನಾಗಿದ್ದರೂ ಒಂದು ಹೆಡ್‌ಲೈಟ್‌ಗೆ ವಾರಗಟ್ಟಲೆ ಕಾಯಬೇಕಾಗಬಹುದು. ಕೊಳ್ಳುವವರು ಆರ್‌ಸಿಯಲ್ಲಿ ಉಳಿದ ತಿಂಗಳು ಎಣಿಸಿ. 14 ವರ್ಷ ತುಂಬಿದ ಗಾಡಿಗೆ ನವೀಕರಣ ಶುಲ್ಕ, ನಾಲ್ಕು ಟೈರು, ಬ್ರೇಕ್ ಕೆಲಸ ಇಷ್ಟನ್ನೂ ಬೆಲೆಯಲ್ಲಿ ಕಳೆದು ಮಾತಾಡಿ. ಈಗಷ್ಟೇ ಪಾಸಾಗಿ ನಾಲ್ಕೂವರೆ ವರ್ಷ ಉಳಿದಿರುವ 15 ವರ್ಷದ ಗಾಡಿ ಹೆಚ್ಚು ಬೆಲೆಗೂ ಲಾಭವೇ.

ಪತ್ರಾ ದುರಸ್ತಿಯ ಅಂದಾಜು ಗಾಡಿಯ ಬೆಲೆಯ ಅರ್ಧ ದಾಟಿದರೆ ನವೀಕರಣ ಬಿಡಿ. ಆಗ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸಿಗುವ ಡೆಪಾಸಿಟ್ ಪ್ರಮಾಣಪತ್ರ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಬರುತ್ತದೆ. ನೋಂದಣಿ ರದ್ದು ಮಾಡಿಸದೆ ಗುಜರಿಗೆ ಮಾತ್ರ ಕೊಡಬೇಡಿ. ಆ ನಂಬರಿನಲ್ಲಿ ಬೇರೆ ಗಾಡಿ ಓಡಿದರೆ ನೋಟಿಸ್ ಬರುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ.